ಗಾಜು ನಂದು

ನಿಂಗೇಗೌಡ ಸರ್ ಎದುರಿಗೆ ಕನ್ನಡಕ ಹಾಕಿಕೊಂಡು ಹೋಗುವುದೆಂದರೆ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಸಣ್ಣದೊಂದು ದಿಗಿಲು. ನಾವು ಬಾಯಿ ತೆರೆಯುವ ಮೊದಲೇ ಅವರ ಕೈ ಮುಂದೆ ಬಂದಿರುತ್ತಿತ್ತು. "ಕೊಡಿ ಇಲ್ಲಿ." ಪ್ರಿನ್ಸಿಪಾಲರಾದರೂ ಅಷ್ಟೇ, ಅಟೆಂಡರ್ ಆದರೂ ಅಷ್ಟೇ, ವೈವಾಕ್ಕೆ ಬಂದು ನಡುಗುತ್ತಿರುವ ಹುಡುಗಿಯಾದರೂ ಅಷ್ಟೇ, ಬಿಚ್ಚಿ ಕೊಡಲೇಬೇಕು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಲಂಗಿ ಹುಳಿ ತಿಂದವರ ಹಾಗೆ ಮುಖ ಮಾಡಿ, ಮೊದಲು ಉಫ್ ಎಂದು ಊದಿ ಧೂಳು ಹಾರಿಸುತ್ತಿದ್ದರು. ಆಮೇಲೆ ಜೇಬಿನಿಂದ ಒಂದು ಹಳೇ ಪಂಚೆಯ ತುಂಡು ಹೊರಬರುತ್ತಿತ್ತು. ಒಗೆದು ಒಗೆದು ಬೆಣ್ಣೆಯಂತಾದ ಬಟ್ಟೆ. ಅದರಲ್ಲಿ ಒಂದೇ ದಿಕ್ಕಿಗೆ, ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಒರೆಸುತ್ತಿದ್ದರು. ಸುತ್ತಿಸಿ ಸುತ್ತಿಸಿ ಒರೆಸುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಒರೆಸಿ ಮುಗಿದ ಮೇಲೆ ಕನ್ನಡಕ ಹಿಂದಕ್ಕೆ ಕೊಡುತ್ತಾ ಹೇಳುವ ಮಾತೂ ಒಂದೇ.

"ತಗಳಿ. ಗಾಜಲ್ಲಿ ಏನೂ ಇಲ್ಲ. ಇನ್ನೂ ಕಾಣ್ನಿಲ್ಲ ಅಂದ್ರೆ ಅದು ನಿಮ್ ಕಣ್ಣಿಂದು. ನನ್ನ ಕೇಳ್ಬ್ಯಾಡಿ."

ಅವರು ಭೌತಶಾಸ್ತ್ರದ ಪ್ರೊಫೆಸರು. ಬೆಳಕಿನಿಂದ ಅಳತೆ ಮಾಡುವುದು ಅವರ ವಿಷಯ. ಊರು ಹನಕೆರೆ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಮಂಡ್ಯಕ್ಕೆ ಬಂದು, ಸ್ಟೇಷನ್ನಿನಿಂದ ಕಾಲೇಜಿಗೆ ನಡೆದೇ ಬರುತ್ತಿದ್ದರು. ಬೆಂಗಳೂರಿನಲ್ಲಿ ಡಾಕ್ಟರೇಟು ಮಾಡಿ, ಜರ್ಮನಿಯಲ್ಲೂ ಸ್ವಲ್ಪ ಕಾಲ ಇದ್ದು ಬಂದವರು. ಆದರೂ ನಾಲಿಗೆ ಮಾತ್ರ ಹನಕೆರೆಯ ಗಡಿ ದಾಟಿರಲಿಲ್ಲ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಶುರುವಾದ ವಾಕ್ಯ "ಅರ್ತಾಯ್ತೇನ್ಲಾ?" ಎಂದು ಮುಗಿಯುತ್ತಿತ್ತು. ಪಟ್ಟಣದ ಅಗ್ರಹಾರದಲ್ಲಿ ಬೆಳೆದ ನನಗೆ ಮೊದಮೊದಲು ಅವರ ಮಾತು ಬೈದ ಹಾಗೇ ಕೇಳಿಸುತ್ತಿತ್ತು. ಒಂದು ವರ್ಷ ಕಳೆದ ಮೇಲೆ, ಅವರು ನಿಜವಾಗಿ ಬೈಯುವಾಗ ಶುದ್ಧ ಇಂಗ್ಲಿಷಿಗೆ ಹೋಗುತ್ತಾರೆಂದು ತಿಳಿಯಿತು.

ನಾನು ಕಂಪ್ಯೂಟರ್ ವಿಭಾಗದಲ್ಲಿ ಪಾಠ ಮಾಡುವವಳು. ನಮ್ಮಿಬ್ಬರಿಗೆ ಗಂಟು ಬಿದ್ದದ್ದು ಹಾಲಿನಿಂದ.

ಮಳವಳ್ಳಿ ಕಡೆಯ ಒಂದು ಹಳ್ಳಿಯ ಡೈರಿಯವರು ಸರ್ ಹತ್ತಿರ ಬಂದಿದ್ದರು. ಊರಿನ ಹೆಸರು ಬೇಡ. ಈಗಲೂ ಅಲ್ಲಿನವರು ನನಗೆ ಸಿಗುತ್ತಾರೆ. ಅವರ ತಾಪತ್ರಯ ಇಷ್ಟು: ರೈತರು ಹಾಲು ಹಾಕುವಾಗ ಒಬ್ಬೊಬ್ಬರದೂ ಪರೀಕ್ಷೆಯಾಗುತ್ತದೆ, ಸರಿ. ಆಮೇಲೆ ಎಲ್ಲರ ಹಾಲೂ ಕ್ಯಾನುಗಳಿಗೆ ಸೇರಿ, ಲಾರಿ ಬರುವವರೆಗೆ ಕಾಯುತ್ತದೆ. ಆ ನಡುವೆ ಯಾರಾದರೂ ನೀರು ಸುರಿದರೆ? ಲಾರಿಯಲ್ಲಿ ನಾಲ್ಕಾರು ಊರಿನ ಹಾಲು ಬೆರೆತುಹೋಗುವುದರಿಂದ ಕಳ್ಳ ಯಾರೆಂದು ಗೊತ್ತಾಗುವುದೇ ಇಲ್ಲ. ಲಾರಿಗೆ ಏರಿಸುವ ಮೊದಲು ಕ್ಯಾನಿನ ಹಾಲನ್ನು ಅಳೆದು, ಅಂಕಿಯನ್ನು ನೇರ ಮಂಡ್ಯಕ್ಕೆ ಕಳಿಸುವ ಯಂತ್ರವೊಂದು ಆಗಬೇಕು. ನಡುವೆ ಯಾರೂ ಆ ಅಂಕಿಯನ್ನು ತಿದ್ದಲಾಗಬಾರದು.

ಅಳೆಯುವ ಭಾಗ ಸರ್ ಅವರದು. ಗಾಜಿನ ಸಂದಿಯಲ್ಲಿ ಹಾಲನ್ನು ತೆಳ್ಳಗೆ ಹಾಯಿಸಿ ಅದರೊಳಗೆ ಬೆಳಕು ಬಿಡುವುದು. ಹಾಲು ಗಟ್ಟಿಯಾದಷ್ಟೂ ಬೆಳಕು ಚೆದುರಿ ಆಚೆಗೆ ಕಡಿಮೆ ಬರುತ್ತದೆ. ನೀರು ಬೆರೆತಿದ್ದರೆ ಹೆಚ್ಚು ಬರುತ್ತದೆ. ಒಂದು ವೇಳೆ ದೀಪವೇ ಮಂಕಾದರೆ? ಅದಕ್ಕೆಂದು ಪಕ್ಕದಲ್ಲಿ ಇನ್ನೊಂದು ಗಾಜಿನ ಕಿಂಡಿ. ಅದರಲ್ಲಿ ಹಾಲಿಲ್ಲ, ದೀಪದ ಬೆಳಕು ನೇರವಾಗಿ ಬೀಳುತ್ತದೆ. ಈ ಕಿಂಡಿಯ ಬೆಳಕಿನ ಜೊತೆ ಹಾಲಿನ ಕಿಂಡಿಯ ಬೆಳಕನ್ನು ಹೋಲಿಸಿ ಯಂತ್ರ ತನ್ನ ತೀರ್ಪು ಹೇಳುತ್ತದೆ.

ಕಳಿಸುವ ಭಾಗ ನನ್ನದು. ಯಂತ್ರಕ್ಕೂ ಮಂಡ್ಯದ ನಮ್ಮ ಕಂಪ್ಯೂಟರಿಗೂ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಹಾಲಿನ ಅಳತೆಯನ್ನೂ ಆ ಗುಟ್ಟನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದು ಪುಟ್ಟ ಗುರುತು ಹುಟ್ಟುತ್ತದೆ, ಅಳತೆಯ ಬೆನ್ನಿಗೆ ಅದೂ ಹೊರಡುತ್ತದೆ. ಇಲ್ಲಿ ನಾವು ಅದೇ ಲೆಕ್ಕ ಮಾಡಿ ತಾಳೆ ನೋಡುತ್ತೇವೆ. ದಾರಿಯಲ್ಲಿ ಯಾರಾದರೂ ಒಂದೇ ಒಂದು ಅಂಕಿ ತಿದ್ದಿದ್ದರೂ ತಾಳೆಯಾಗುವುದಿಲ್ಲ. ಪುಸ್ತಕದಲ್ಲಿ ಇದಕ್ಕೆ ಉದ್ದನೆಯ ಹೆಸರಿದೆ. ಸರ್ ಅದನ್ನು 'ಸೀಲು' ಅಂದರು, ನಾವೂ ಹಾಗೇ ಅಂದೆವು.

ಇದನ್ನೆಲ್ಲ ನಾನು ಅವರಿಗೆ ಹುರುಪಿನಿಂದ ವಿವರಿಸಿದ ದಿನ ಅವರು ಸುಮ್ಮನೆ ಕೇಳಿ, ಕೊನೆಗೆ ಒಂದು ಪ್ರಶ್ನೆ ಹಾಕಿದರು.

"ಅಂಗಾರೆ ಅಲ್ಲಿಂದ ಹೊಂಟಿದ್ದು ಅಂಗಂಗೇ ಇಲ್ಲಿಗೆ ಬತ್ತದೆ. ಸರಿ ಕಣಮ್ಮ. ಅಲ್ಲಿಂದ ಹೊಂಡೋದೇ ಸುಳ್ಳಾಗಿದ್ರೆ?"

"ಅದನ್ನ ನನ್ನ ಸೀಲು ಹಿಡಿಯಲ್ಲ ಸರ್," ಅಂದೆ. ಒಳ್ಳೆಯ ಪ್ರಶ್ನೆಗೆ ಉತ್ತರವಿಲ್ಲದಾಗ ನನಗೆ ಸ್ವಲ್ಪ ಸಿಡುಕು. "ಅದು ನಿಮ್ಮ ಪಾಲು. ದಾರಿ ನಂದು, ಗಾಜು ನಿಮ್ಮದು."

ಅವರು ಜೋರಾಗಿ ನಕ್ಕರು. "ಆಯ್ತು ಬುಡು. ಗಾಜು ನಂದು."

ಅಂದಿನಿಂದ ಅದು ನಮ್ಮ ಪ್ರಯೋಗಾಲಯದ ಮಾತಾಯಿತು. ಏನಾದರೂ ಕೆಟ್ಟರೆ ನಾನು "ದಾರಿ ಸರಿಯಾಗಿದೆ ಸರ್" ಅನ್ನುವುದು, ಅವರು "ಅಂಗಾರೆ ಗಾಜು" ಎನ್ನುತ್ತಾ ಪಂಚೆಯ ತುಂಡು ತೆಗೆದು ಏಳುವುದು. ಪೆಟ್ಟಿಗೆಯನ್ನು ಗೆಜ್ಜಲಗೆರೆಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆವು. ಅದರ ಮುಚ್ಚಳ ಸರಿಯಾಗಿ ಕೂರಲಿಲ್ಲವೆಂದು ಅವರು ಎಷ್ಟು ಸಲ ವಾಪಸು ಕಳಿಸಿದರೆಂದರೆ, ಕೊನೆಕೊನೆಗೆ ವರ್ಕ್‌ಶಾಪಿನವನು ನಮ್ಮ ಫೋನು ತೆಗೆಯುವುದನ್ನೇ ಬಿಟ್ಟ.

ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವರು ಸುಶೀಲಮ್ಮ. ಗಂಡ ಗೆಜ್ಜಲಗೆರೆಯ ಕಾರ್ಖಾನೆಯೊಂದಕ್ಕೆ ಬೈಕಿನಲ್ಲಿ ಹೋಗಿಬರುತ್ತಿದ್ದ. ಈಕೆ ಮನೆಯ ಹಸು ನೋಡಿಕೊಂಡು, ಎರಡು ಹೊತ್ತೂ ಡೈರಿಯ ಬಾಗಿಲು ತೆಗೆಯುತ್ತಿದ್ದರು. ಬಾಯಿ ಬಿರುಸು. "ನಿನ್ ಆಲಲ್ಲಿ ಡಿಗ್ರಿ ಇಲ್ಲ ಕಣಣ್ಣೋ, ಹಸಕ್ಕೆ ನೀರು ಕುಡಿಸಿ ತಂದಿದ್ದೀಯೋ, ಕ್ಯಾನಿಗೆ ಕುಡಿಸಿದ್ದೀಯೋ?" ಎಂದು ಊರ ಗೌಡರಿಗೇ ಸಾಲಿನಲ್ಲಿ ಎಲ್ಲರೆದುರು ಕೇಳುವವರು. ಅಂಥವರಿಗೆ ಊರಲ್ಲಿ ಗೆಳೆಯರು ಕಡಿಮೆ ಎಂದು ಬೇರೆ ಹೇಳಬೇಕಾಗಿಲ್ಲ.

ಯಂತ್ರ ನಡೆಸುವುದನ್ನು ಸರ್ ಆಕೆಗೆ ಕೂರಿಸಿಕೊಂಡು ಕಲಿಸಿದರು. ಹಾಲು ಹಾಯುವ ಗಾಜನ್ನು ತೋರಿಸಿ, "ಸುಸೀಲಮ್ಮ, ಇದ್ಕೆ ಬೆಳ್ಳು ತಾಕ್ಸಂಗಿಲ್ಲ. ಮೊದ್ಲು ಊದು, ಆಮ್ಯಾಕೆ ಒರ್ಸು, ಒಂದೇ ಕಡೀಕೆ" ಎಂದು ತಮ್ಮ ಪಂಚೆಯ ತುಂಡಿನಲ್ಲೇ ಅರ್ಧ ಹರಿದು ಕೊಟ್ಟರು. ಆಕೆ ಒಮ್ಮೆ ನೋಡಿ ಕಲಿತುಬಿಟ್ಟರು. ಸರ್ ಒರೆಸುವ ರೀತಿಯನ್ನು ಅಷ್ಟು ಚೆನ್ನಾಗಿ ಕಲಿತವರು ನಮ್ಮ ಎಂ.ಎಸ್ಸಿ. ಹುಡುಗರಲ್ಲೂ ಇರಲಿಲ್ಲ. ವಾಪಸು ಬರುವಾಗ ಸರ್ ದಾರಿಯುದ್ದಕ್ಕೂ ಆಕೆಯನ್ನು ಹೊಗಳಿದರು. ಹಾಲು ತಾಕದ ಆ ಇನ್ನೊಂದು ಕಿಂಡಿಯ ಗಾಜಿನ ಬಗ್ಗೆ ಆಕೆಗೆ ಏನೂ ಹೇಳಿರಲಿಲ್ಲವೆಂದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಯಂತ್ರ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಆದರೆ ಊರಿನವರಿಗೆ ಅದರ ಮೇಲೆ ಆಗಲೇ ಭಕ್ತಿ ಬಂದಿತ್ತು. ಆಯುಧಪೂಜೆಗೆ ಬರಲೇಬೇಕೆಂದು ಡೈರಿಯ ಅಧ್ಯಕ್ಷರು ಕರೆದರು, ಹೋದೆವು. ಕ್ಯಾನು, ತಕ್ಕಡಿ, ಅಧ್ಯಕ್ಷರ ಬೈಕು, ಬಾಗಿಲ ಬೀಗ, ಎಲ್ಲಕ್ಕೂ ವಿಭೂತಿ ಪಟ್ಟೆ, ಕುಂಕುಮ, ಸೇವಂತಿಗೆ. ಸರ್ ತಾವೇ ಯಂತ್ರದ ಮುಚ್ಚಳದ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟು ಕೈ ಮುಗಿದರು. ಅಷ್ಟಕ್ಕೇ ಅವರು ಬೆರಳನ್ನು ಮೂರು ಸಲ ತೊಳೆದುಕೊಂಡದ್ದನ್ನು ನೋಡಿ ನಾನು ನಕ್ಕೆ. ಬೂದುಗುಂಬಳಕಾಯಿ ಒಡೆದರು, ಪುರಿ ಕೊಟ್ಟರು, ನಾವು ಹೊರಟೆವು.

ಮರುದಿನ ವಿಜಯದಶಮಿ, ಕಾಲೇಜಿಗೆ ರಜೆ. ಬೆಳಿಗ್ಗೆ ಸರ್ ಫೋನು ಮಾಡಿದರು. ಅವರ ಇನ್ನೊಂದು ಲೈನಿನಲ್ಲಿ ಅಧ್ಯಕ್ಷರಿದ್ದರು. ಮೂವರನ್ನೂ ಸೇರಿಸಿದರು.

"ಸಾರ್, ನಿಮ್ ಮಿಸಿನ್ನು ನೀರು ಅಂತಾದೆ," ಅಧ್ಯಕ್ಷರ ದನಿ ಏರಿತ್ತು. "ಒಂದು ಕ್ಯಾನಲ್ಲ, ಎಲ್ಲಾದ್ರಲ್ಲೂ. ರೈತ್ರು ಹಾಕ್ದಾಗ ಸರ್ಯಾಗೇ ಇತ್ತು. ಅದಾದ್ಮ್ಯಾಲೆ ಡೈರಿ ಒಳ್ಗಿದ್ದೋಳು ಸುಸೀಲ ಒಬ್ಳೇ. ಅವ್ಳು ಮಿಸಿನ್ನೇ ಸುಳ್ಳೇಳ್ತದೆ ಅಂತಾಳೆ. ಏನ್ ಮಾಡವ?"

ಸರ್ ನನ್ನನ್ನು ಕೇಳಿದರು. "ಸೀಲು ತಾಳೆ ಆಯ್ತಾ ನೋಡಮ್ಮ."

ನೋಡಿದೆ. "ಆಗಿದೆ ಸರ್. ಒಂದು ಅಂಕಿ ಕೂಡ ಅಲ್ಲಾಡಿಲ್ಲ."

ಸರ್ ಅಧ್ಯಕ್ಷರಿಗೆ ಹೇಳಿದರು. "ಅಂಗಾರೆ ಸುಳ್ಳಿರಾಕಿಲ್ಲ."

ಎರಡೇ ಮಾತು. ಯಂತ್ರ ಇನ್ನೂ ಪರೀಕ್ಷೆಯಲ್ಲಿದೆ, ನಾನು ಬಂದು ನೋಡುವವರೆಗೆ ತಡೆಯಿರಿ ಎಂದು ಅನ್ನಬಹುದಿತ್ತು. ಅನ್ನಲಿಲ್ಲ. ವರ್ಷಗಟ್ಟಲೆ ಕಷ್ಟಪಟ್ಟು ಮಾಡಿದ ಯಂತ್ರ ಮೊದಲ ಸಲ ಕಳ್ಳತನ ಹಿಡಿದಿದೆ ಎಂಬ ಹಿಗ್ಗು ಆ ದನಿಯಲ್ಲಿತ್ತು. ನನ್ನ ದನಿಯಲ್ಲೂ ಇತ್ತು. ಇದನ್ನು ಅವರು ಆಮೇಲೆ ಎಷ್ಟೋ ಸಲ ತಾವಾಗಿಯೇ ನೆನೆದು ಹೇಳಿದರು. ನನ್ನ ಪಾಲನ್ನು ಮಾತ್ರ ಯಾವತ್ತೂ ಎತ್ತಲಿಲ್ಲ.

ಆವತ್ತೇ ಸಂಜೆ ಸಮಿತಿಯವರು ಸೇರಿ ಸುಶೀಲಮ್ಮನ ಕೈಯಿಂದ ಬೀಗದ ಕೈ ಇಸಿದುಕೊಂಡರು. ಆಕೆಯ ಬಾಯಿಗೆ ಸಿಕ್ಕಿದ್ದವರಿಗೆಲ್ಲ ಹಬ್ಬ. ಹೆಸರೂ ಇಟ್ಟರು. ನಲ್ಲಿ ಹತ್ತಿರ ಆಕೆ ಬಿಂದಿಗೆ ಹಿಡಿದು ಬಂದರೆ, "ಬೋರ್‌ವೆಲ್ಲೇ ಬಂದದೆ, ಇನ್ನು ನಮಗ್ಯಾಕೆ ನಲ್ಲಿ" ಎಂದು ಸೆರಗು ಬಾಯಿಗೆ ಹಿಡಿದು ನಗುವುದು. ಗಂಡ ಟೀ ಅಂಗಡಿಗೆ ಹೋಗುವುದನ್ನು ಬಿಟ್ಟ.

ರಜೆ ಮುಗಿದ ಮೇಲೆ ನಾವು ಹೋದೆವು. ಆ ದಿನಗಳಲ್ಲೆಲ್ಲ ಯಂತ್ರ ಬಿಡದೆ ನೀರು ಎನ್ನುತ್ತಲೇ ಇತ್ತು. ಸುಶೀಲಮ್ಮ ಬಿಟ್ಟ ಮೇಲೂ ನೀರು! ಆದರೂ ಊರಿನವರಿಗೆ ಅನುಮಾನ ಬರಲಿಲ್ಲ, ಆಕೆ ಹಿಂದಿನ ಕಿಟಕಿಯಿಂದ ಕೈ ಹಾಕುತ್ತಾಳೆ ಎಂದರು. ಸರ್‌ಗೆ ಮಾತ್ರ ಅನುಮಾನ ಬಂದಿತ್ತು.

ಬೀಗ ತೆಗೆಸಿ, ಎಲ್ಲರನ್ನೂ ಹೊರಗೆ ಕಳಿಸಿ, ಮುಚ್ಚಳ ಎತ್ತಿದರು. ಹಾಲಿನ ಗಾಜು ಹೊಳೆಯುತ್ತಿತ್ತು. ಅದರ ಪಕ್ಕದ, ಹಾಲು ತಾಕದ ಗಾಜಿನ ನಟ್ಟನಡುವೆ, ಚೆಂದಗೆ, ಗುಂಡಗೆ, ಒಂದು ಕುಂಕುಮದ ಬೊಟ್ಟು.

ಸರ್ ಅಲ್ಲೇ ಹಾಲಿನ ಕ್ಯಾನಿನ ಮೇಲೆ ಕೂತರು. ಕುಂಕುಮ ನೇರ ಬೆಳಕನ್ನು ತಡೆದಿತ್ತು. ದೀಪವೇ ಮಂಕಾಗಿದೆ ಎಂದು ಯಂತ್ರ ತಿಳಿದಿತ್ತು. ಇಷ್ಟು ಮಂಕು ದೀಪದಲ್ಲೂ ಹಾಲಿನಿಂದ ಇಷ್ಟು ಬೆಳಕು ಬರುತ್ತಿದೆಯೆಂದರೆ ಹಾಲು ನೀರೇ ಸರಿ ಎಂದು ಲೆಕ್ಕ ಹಾಕಿತ್ತು. ಆ ಸುಳ್ಳು ಅಂಕಿಯನ್ನು ನನ್ನ ಸೀಲು ದಿನಾ ಜೋಪಾನವಾಗಿ, ಒಂದು ಚೂರೂ ಕೆಡದಂತೆ, ಮಂಡ್ಯಕ್ಕೆ ತಂದು ಮುಟ್ಟಿಸಿತ್ತು.

"ನಾನು ಮುಚ್ಚಳಕ್ಕೆ ಇಕ್ಕಿದ್ದು," ಸರ್ ಮೆಲ್ಲಗೆ ಅಂದರು. "ನೀನೇ ನೋಡ್ದೆ. ಇದು ಆಯಮ್ಮಂದು."

ನಾವು ಹೊರಟ ಮೇಲೆ ಸುಶೀಲಮ್ಮ ಮುಚ್ಚಳ ತೆಗೆದಿರಬೇಕು. ದೇವರಿಗೆ ಬೊಟ್ಟಿಡುವವರು ಬಾಗಿಲಿಗೆ ಇಟ್ಟು ಸುಮ್ಮನಾಗುತ್ತಾರೆಯೇ? ಹಾಲಿನ ಗಾಜಿಗೆ ಬೆರಳು ತಾಕಿಸಬಾರದೆಂದು ಸರ್ ಹೇಳಿದ್ದರು, ತಾಕಿಸಿರಲಿಲ್ಲ. ಸುಮ್ಮನಿದ್ದ ಇನ್ನೊಂದು ಗಾಜಿಗೆ ಭಕ್ತಿಯಿಂದ ಇಟ್ಟಿದ್ದರು. ಆಕೆ ತಪ್ಪು ಮಾಡಿರಲಿಲ್ಲ, ಕಲಿಸಿದ್ದನ್ನು ಕಲಿಸಿದ ಹಾಗೇ ಪಾಲಿಸಿದ್ದರು. ಅದೇ ಸರ್‌ಗೆ ತಡೆಯಲಾಗಲಿಲ್ಲ.

"ಹೇಳಿಬಿಡೋಣ ಸರ್," ಅಂದೆ. "ಆಕೆ ನೀರು ಹಾಕಿಲ್ಲ ಅಂತ ಗೊತ್ತಾಯ್ತಲ್ಲ."

"ಏನಂತ ಯೋಳ್ತೀಯ? ಅವ್ಳೇ ಕುಂಕ್ಮ ಇಕ್ಕಿ ಮಿಸಿನ್ ಕೆಡ್ಸಿದ್ಲು ಅಂತಾವಾ? ನಾಳೀಕೆ ಈ ಊರ್ನೋರು ಏನಂತಾರೆ ಗೊತ್ತಾ? ನೀರು ಹಾಕಿದ್ದು ಮುಚ್ಚಾಕೇ ಕೆಡ್ಸಿದ್ಲು ಅಂತಾರೆ. ಬೋರ್‌ವೆಲ್ ಅನ್ನೋರು ಇನ್ನೊಂದು ಹೆಸ್ರು ಹುಡಿಕ್ಕತಾರೆ." ಎದ್ದರು. ಕುಂಕುಮವನ್ನು ಊದಿದರು, ಒರೆಸಿದರು. "ಗಾಜು ನಂದು ಅಂತ ಒಪ್ಕಂಡಿದ್ದೆ. ನಂದೇ."

ಸಂಜೆ ಹಾಲು ಹಾಕುವ ಹೊತ್ತಿಗೆ ಸಾಲಿನಲ್ಲಿ ಇಡೀ ಊರೇ ನಿಂತಿತ್ತು. ಸರ್ ಡೈರಿಯ ಮೆಟ್ಟಿಲ ಮೇಲೆ ನಿಂತರು. ಸುಶೀಲಮ್ಮನಿಗೂ ಹೇಳಿಕಳಿಸಿದ್ದರು. ಆಕೆ ಬಂದು ದೂರದಲ್ಲಿ, ಹೊಂಗೆ ಮರದ ಹತ್ತಿರ ನಿಂತಿದ್ದರು.

"ಕೇಳ್ರಪ್ಪ ಎಲ್ರೂವೆ. ಸುಸೀಲಮ್ಮ ಒಂದ್ ತೊಟ್ಟು ನೀರೂ ಹಾಕ್ನಿಲ್ಲ. ಪೂಜೆ ದಿನ ಒಳಗ್ಲ ಗಾಜಿಗೆ ನಾನೇ ಕುಂಕ್ಮ ಇಕ್ಬುಟ್ಟೆ. ಅದ್ಕೇ ಮಿಸಿನ್ನು ಸುಳ್ಳೇಳ್ತು. ಅದು ಸುಳ್ಳೇಳಾಕಿಲ್ಲ ಅಂದೋನೂ ನಾನೇ. ಓದ್ದೋನು, ಬುದ್ದಿ ಇಲ್ದೋನು. ತಪ್ಪಾಯ್ತು." ಕೈ ಮುಗಿದರು.

ಅಳತೆಯ ಮೂರನೇ ದಶಮಾಂಶಕ್ಕೆ ಹುಡುಗರನ್ನು ಗೋಳಾಡಿಸುತ್ತಿದ್ದ ಮನುಷ್ಯ ಊರ ಮುಂದೆ ನಿಂತು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ್ದನ್ನು ನಾನು ಅವತ್ತು ನೋಡಿದೆ. ಸುಶೀಲಮ್ಮ ತಟ್ಟನೆ ತಲೆ ಎತ್ತಿ ಅವರನ್ನು ನೋಡಿದರು. ಬಾಯಿ ತೆರೆದ ಹಾಗಾಯಿತು. ಆಮೇಲೆ ತಲೆ ತಗ್ಗಿಸಿದರು.

ಅಧ್ಯಕ್ಷರು ಆಗಲೇ ಬೀಗದ ಕೈ ಹಿಡಿದು ಆಕೆಯ ಹತ್ತಿರ ಹೋದರು. "ತಗೊ ಸುಸೀಲ, ನಾಳೆಯಿಂದ ಬಾ. ಸಾರೇ ಯೋಳುದ್ರಲ್ಲ."

ಆಕೆ ಕೈ ಚಾಚಲಿಲ್ಲ. "ಮೊನ್ನೆ ಮಿಸಿನ್ನು ಕಳ್ಳಿ ಅಂತು, ಕಳ್ಳಿ ಅಂದ್ರಿ. ಇವತ್ತು ಸಾರು ಅಲ್ಲ ಅಂದ್ರು, ಅಲ್ಲ ಅಂತೀರಿ. ಹುಟ್ದಾಗಿಂದ ನೋಡ್ದೋರು ನೀವು ಒಬ್ರಾರೂವೆ ನಿಮ್ ಬಾಯಲ್ಲಿ ಅಂದ್ರಾ? ನಂಗೆ ಬ್ಯಾಡ ನಿಮ್ ಬೀಗ."

ಹೊರಟುಹೋದರು. ಅಂದಿನಿಂದ ತಮ್ಮ ಹಸುವಿನ ಹಾಲನ್ನು ಪಕ್ಕದೂರಿನ ಡೈರಿಗೆ ಹಾಕತೊಡಗಿದರು. ಅದಕ್ಕೆ ದಿನಾ ತಮ್ಮೂರ ಡೈರಿಯ ಮುಂದೆಯೇ ಕ್ಯಾನು ಹೊತ್ತು ನಡೆದು ಹೋಗಬೇಕು. ಹೋಗುತ್ತಿದ್ದರು.

ಸರ್ ಅಂದಿನಿಂದ ಬದಲಾದರು. ಮೊದಲು ಗೊತ್ತಾದದ್ದು ಕ್ಯಾಂಟೀನಿನಲ್ಲಿ. ಮನೆಯಲ್ಲಿ ಹಸು ಕಟ್ಟಿದ್ದ ಮನುಷ್ಯ, ಕಾಫಿ ಲೋಟದಲ್ಲಿ ಅರ್ಧ ಹಾಲೇ ಇರಬೇಕೆನ್ನುತ್ತಿದ್ದವರು, ಕರೀ ಕಾಫಿ ಕೇಳಿದರು. "ಒಗ್ಗಾಕಿಲ್ಲ" ಅಂದರು. ಹೊಟ್ಟೆಗೆ ಒಗ್ಗುವುದಿಲ್ಲವೆಂದು ಎಲ್ಲರೂ ತಿಳಿದರು. ಇನ್ನೊಂದರಿಂದ ನನಗೆ ಹೆಚ್ಚು ನೋವಾಯಿತು. ನಾನು ಒಂದು ದಿನ ಬೇಕೆಂದೇ ಕನ್ನಡಕಕ್ಕೆ ಬೆರಳ ಗುರುತು ಮೆತ್ತಿಕೊಂಡು ಅವರೆದುರು ಹೋಗಿ ಕೂತೆ. ಅವರ ಕೈ ಅಭ್ಯಾಸದಿಂದ ಮುಂದೆ ಬಂತು, ಹಾಗೇ ಹಿಂದಕ್ಕೆ ಹೋಯಿತು. "ನಂದೇ ಸರ್ಯಾಗಿ ನೋಡ್ಕಳ್ನಿಲ್ಲ. ಇನ್ನೊಬ್ರುದು ನೋಡಾಕೆ ನಾನ್ಯಾರು ಬುಡು," ಅಂದರು. ಇಂಥ ಮಾತಿಗೆ ನನಗೆ ಸಿಟ್ಟು ಬರುತ್ತದೆ. "ಒರೆಸಿ ಕೊಡಿ ಸರ್, ನಾಟಕ ಬೇಡ" ಅಂದೆ. ನಕ್ಕರು. ಒರೆಸಲಿಲ್ಲ.

ಆದರೆ ಕೆಲಸ ಬಿಡಲಿಲ್ಲ. ಆಮೇಲಿನ ಎರಡು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಯಂತ್ರ ಹಾಲನ್ನು ನೋಡುವ ಮೊದಲು ತನ್ನ ಎರಡು ಗಾಜುಗಳನ್ನೂ ತಾನೇ ನೋಡಿಕೊಳ್ಳಬೇಕು. ಎಷ್ಟು ಬೆಳಕು ಹಾಯಬೇಕೆಂದು ಮೊದಲೇ ಗೊತ್ತಿರುವ ಒಂದು ಗಾಜಿನ ಚೂರನ್ನು ಎರಡೂ ಕಿಂಡಿಗೆ ಒಡ್ಡಿಕೊಂಡು ಅಳೆಯಬೇಕು. ಮಸಿಯೋ ಕುಂಕುಮವೋ ಇದ್ದರೆ "ನಂಗೆ ಕಾಣ್ತಿಲ್ಲ" ಎಂದು ಬಾಯಿ ಬಿಟ್ಟು ಹೇಳಬೇಕು. ಗಾಜಿನ ಆ ಸ್ಥಿತಿಯೂ ಹಾಲಿನ ಅಂಕಿಯ ಜೊತೆಗೇ ನನ್ನ ಸೀಲಿನೊಳಗೆ ಸೇರಬೇಕು. ಗಾಜಿನ ಲೆಕ್ಕವಿಲ್ಲದ ಅಂಕಿಯನ್ನು ಮಂಡ್ಯ ಒಪ್ಪಲೇಬಾರದು. ನಾನು ಸೀಲಿನ ಲೆಕ್ಕವನ್ನು ಹೊಸದಾಗಿ ಬರೆದೆ. ದಾರಿ ನಂದು, ಗಾಜು ನಿಮ್ಮದು ಎಂದು ಅವತ್ತು ಹಂಚಿಕೊಂಡಿದ್ದೆವಲ್ಲ, ಆ ಹಂಚಿಕೆಯೇ ತಪ್ಪೆಂದು ಆಗ ಅರ್ಥವಾಯಿತು.

ಇದನ್ನು ಅವರು ಬೆಂಗಳೂರಿನ ಒಂದು ಸಮ್ಮೇಳನದಲ್ಲಿ ಮಂಡಿಸಿದರು. ಪರದೆಯ ಮೇಲೆ ಮೊದಲು ಬಂದದ್ದೇ ಕುಂಕುಮದ ಬೊಟ್ಟಿನ ಚಿತ್ರ. ಒರೆಸುವ ಮೊದಲು ನಾನು ಫೋನಿನಲ್ಲಿ ತೆಗೆದಿದ್ದೆ. ಸಭೆ ನಕ್ಕಿತು. ಅವರು ಇಂಗ್ಲಿಷಿನಲ್ಲಿ, ನಗದೆ, ಈ ಕುಂಕುಮ ಇಟ್ಟವನು ನಾನೇ, ಇದರಿಂದ ಒಬ್ಬ ಹೆಣ್ಣುಮಗಳ ಮಾನ ಹೋಯಿತು ಎಂದರು. ಹೊರಗೆ ಬಂದ ಮೇಲೆ ನಾನು ಕೇಳಿದೆ. "ಇಲ್ಲಿ ಯಾರಿಗೆ ಗೊತ್ತಾಗುತ್ತೆ ಸರ್, ಇಲ್ಲೂ ಯಾಕೆ ಆ ಸುಳ್ಳು?"

"ಆಯಮ್ಮನ ಹೆಸ್ರು ಕನ್ನಡ್ದಾಗೆ ಕೆಡ್ಸಿದ್ದು ಸಾಲ್ದಾ? ಇಂಗ್ಲೀಸ್ನಾಗೂ ಕೆಡುಸ್ಲಾ?" ಅಂದರು.

ಪ್ರತಿ ಆಯುಧಪೂಜೆಗೂ ಅವರು ಒಬ್ಬರೇ ಸುಶೀಲಮ್ಮನ ಮನೆಗೆ ಹೋಗಿಬರುತ್ತಿದ್ದರು. ಏನು ಮಾತಾಡಿದಿರಿ ಸರ್ ಎಂದರೆ, "ಹಸ ಕರು ಹಾಕದೆ, ಅದ್ನೇ" ಅನ್ನುವರು. ಆ ಮನೆಯಲ್ಲಿ ಮಾತ್ರ ಹಾಲು ಹಾಕಿದ ಕಾಫಿ ಕುಡಿಯುತ್ತಿದ್ದರಂತೆ. ಕೊಟ್ಟದ್ದನ್ನು ಬೇಡವೆನ್ನುವ ಮುಖ ತಮಗಿಲ್ಲ ಎಂದರು. ಬೊಟ್ಟಿನ ವಿಷಯ ಇಬ್ಬರೂ ಎತ್ತಿದವರಲ್ಲ. "ನಂಗೆ ಗೊತ್ತದೆ ಅಂತ ಆಯಮ್ಮಂಗೆ ಗೊತ್ತಾಗ್ಬಾರ್ದು. ನೀನೂ ಬಾಯ್ ಬುಡ್ಬ್ಯಾಡ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಕೊಟ್ಟ ಮಾತಿಗೆ ನಾನು ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಿವೃತ್ತಿಗೆ ಇನ್ನೂ ಸಮಯವಿತ್ತು. ಒಂದು ಬೆಳಿಗ್ಗೆ ಹನಕೆರೆಯ ಪ್ಲಾಟ್‌ಫಾರಂ ಮೇಲೆ ರೈಲಿಗೆ ಕಾಯುತ್ತಾ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆಯವರೆಗೂ ಹೋಗಲಾಗಲಿಲ್ಲ.

ನಾನು ಹೋಗುವಷ್ಟರಲ್ಲಿ ಮನೆಯ ಮುಂದೆ ಜನ ತುಂಬಿದ್ದರು. ಜಗಲಿಯ ಮೇಲೆ ಮಲಗಿಸಿದ್ದರು. ಅವರ ಕನ್ನಡಕವನ್ನು ಯಾರೋ ತೆಗೆದು ಕಿಟಕಿಯಲ್ಲಿಟ್ಟಿದ್ದರು. ಕೊಟ್ಟಿಗೆಯ ಪಕ್ಕ, ಗೋಡೆಗೆ ಒರಗಿಕೊಂಡು ಸುಶೀಲಮ್ಮ ಕೂತಿದ್ದರು. ಬೆಳಗಿನ ಹಾಲು ಕರೆದ ಹಾಗೇ ಬಿಟ್ಟು ಬಸ್ಸು ಹತ್ತಿದ್ದರೆಂದು ಆಮೇಲೆ ತಿಳಿಯಿತು. ನನ್ನನ್ನು ಕಂಡು ಪಕ್ಕದಲ್ಲಿ ಕೂರಿಸಿಕೊಂಡರು. ಯಾರೂ ಕೇಳದಷ್ಟು ಸಣ್ಣ ದನಿಯಲ್ಲಿ ಶುರು ಮಾಡಿದರು.

"ನಿಮಗೊಂದು ಯೋಳ್ಬೇಕು ಕಣಮ್ಮ. ಕುಂಕ್ಮ ಇಕ್ಕಿದ್ದು ಅವ್ರಲ್ಲ. ನಾನು."

ನಾನು ಆಕೆಯ ಕಡೆ ತಿರುಗಿದೆ.

"ಅವ್ರು ಮುಚ್ಚಳಕ್ಕೆ ಇಕ್ಕಿದ್ರು. ಅದೇ ಒಳಿಕ್ಕೆ ಬಿತ್ತು ಅನ್ಕಂಡ್ರೋ ಏನೋ. ಅಷ್ಟು ಜನದ ಮುಂದೆ ನಂದೇ ತಪ್ಪು ಅಂತ ಕೈ ಮುಗುದ್ಬುಟ್ರು. ಅಲ್ಲ ಸಾರ್, ನಂದು ಅನ್ನಾಕೋದೆ. ಬಾಯಿ ಬರ್ನಿಲ್ಲ. ಎಲ್ಲಾರ್ಗೂ ಅಷ್ಟುದ್ದ ಬಾಯಿ ಬುಡೋಳು, ಅವತ್ತು ಬರ್ನಿಲ್ಲ ನೋಡಿ. ವರ್ಸ ವರ್ಸ ಬಂದು ಎದ್ರಿಗೆ ಕೂರೋರು. ಇವತ್ತು ಯೋಳ್ತೀನಿ ಅನ್ಕಳೋದು, ಕಾಫಿ ಕೊಡೋದು, ಕಳಸೋದು. ಮಾಡ್ದೆ ಇದ್ದ ತಪ್ಪು ಹೊತ್ಕಂಡೇ ಹೋದ್ರಲ್ಲಮ್ಮ. ನಾನು ಹೊರುಸ್ದೆ."

ಇನ್ನು ಯಾರಿಗಾಗಿ ಮಾತು ಉಳಿಸಿಕೊಳ್ಳಲಿ? "ಅವರಿಗೆ ಗೊತ್ತಿತ್ತು ಸುಶೀಲಮ್ಮ," ಅಂದೆ. "ಮುಚ್ಚಳ ತೆಗೆದ ಕ್ಷಣವೇ ಗೊತ್ತಾಯ್ತು. ಗೊತ್ತಿದ್ದೇ ನಂದು ಅಂದರು. ನಿಮಗೆ ತಿಳಿಯಬಾರದು ಅಂತ ನನ್ನ ಬಾಯಿಗೂ ಬೀಗ ಹಾಕಿದ್ದರು."

ಆಕೆ ನನ್ನನ್ನೇ ನೋಡಿದರು. ಜಗಲಿಯ ಕಡೆ ನೋಡಿದರು. "ಗೊತ್ತಿದ್ದೂವೆ ಬಂದ್ರಾ?" ಎಂದು ಕೇಳಿದರು. ನನ್ನನ್ನಲ್ಲ, ಅಲ್ಲಿ ಮಲಗಿದ್ದವರನ್ನು. ಇಬ್ಬರೂ ಒಬ್ಬರೆದುರು ಒಬ್ಬರು ಕೂತು ಕಾಫಿ ಕುಡಿದ ಆ ಮಧ್ಯಾಹ್ನಗಳು ನನ್ನ ಕಣ್ಣಿಗೆ ಕಟ್ಟಿದವು. ನಾನು ಯಾವತ್ತಾದರೂ ಒಂದು ಮಾತು ಬಾಯಿ ಬಿಟ್ಟಿದ್ದರೆ ಇಬ್ಬರೂ ಹಗುರಾಗುತ್ತಿದ್ದರು. ನನಗೆ ಅಳು ಬಂತು. ಕನ್ನಡಕದೊಳಗೆ ಎಲ್ಲ ಕಲಸಿಹೋಯಿತು.

ಆಗ ಒಂದು ಕೈ ಮುಂದೆ ಬಂತು. "ಕೊಡಿ ಇಲ್ಲಿ."

ಬಿಚ್ಚಿ ಕೊಟ್ಟೆ. ಸುಶೀಲಮ್ಮ ಅದನ್ನು ಅಂಗಳದ ಬಿಸಿಲಿಗೆ ಹಿಡಿದು ನೋಡಿದರು. ಉಫ್ ಎಂದು ಊದಿದರು. ಸೊಂಟದ ಚೀಲದಿಂದ ಹಳೇ ಪಂಚೆಯ ತುಂಡೊಂದನ್ನು ತೆಗೆದು ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಒಂದೇ ದಿಕ್ಕಿಗೆ, ಒರೆಸಿದರು. ಮತ್ತೆ ಬೆಳಕಿಗೆ ಹಿಡಿದು ನೋಡಿ ನನ್ನ ಕೈಗಿಟ್ಟರು.

"ಗಾಜಲ್ಲಿ ಏನೂ ಇಲ್ಲ ಕಣಮ್ಮ," ಅಂದರು. "ಕಣ್ಣು ಒರ್ಸ್ಕಳಿ."